ಅಪ್ರೈಸರು ಶೂ ಬಿಟ್ಟ ಜಾಗ

"ಅಗಿಬ್ಯಾಡ ಅಂದ್ನೇನು ನಾ? ಅಗಿಯವಾ. ಆದ್ರ ಆ ಗುಲಾಬಿ ಬೇರಿಗೆ ಪೆಟ್ಟು ಹತ್ತಬಾರ್ದು ನೋಡು," ಎಂದರು ನೀಲವ್ವ, ಕಿಟಕಿಯೊಳಗಿಂದ ತಲೆ ಹೊರಹಾಕಿ.

ಡ್ಯಾನ್‌ವಿಲ್‌ನ ಆ ಖಾಲಿ ಮನೆಯ ದಕ್ಷಿಣದ ಕಿಟಕಿಯ ಕೆಳಗೆ, ಹೂವಿನ ಪಾತಿಯಲ್ಲಿ ನಾನು ಮಂಡಿಯೂರಿ ಕೂತಿದ್ದೆ. ಕೈಯಲ್ಲಿ ಪೂಜೆಯ ಪಾತ್ರೆಗಳ ಜೊತೆ ಬಂದಿದ್ದ ಕಬ್ಬಿಣದ ಮೊಗಚುವ ಕೈ. ಮಧ್ಯಾಹ್ನದ ಊಟಕ್ಕೆ ಕರೆದಿದ್ದಾರೆಂದು ಉಟ್ಟು ಬಂದ ರೇಷ್ಮೆ ಸೀರೆಯ ಅಂಚು ಆಗಲೇ ಮಣ್ಣಾಗಿತ್ತು. ಪತ್ತೇದಾರಿಕೆಗೆ ಲೈಸೆನ್ಸು ಕೊಡುವಾಗ ಕ್ಯಾಲಿಫೋರ್ನಿಯಾ ಸರ್ಕಾರ ಸೀರೆಯ ವಿಷಯ ಏನೂ ಹೇಳುವುದಿಲ್ಲ.

"ಮಹಮೂದಾ, ಇದಿನ್ನೂ ನಮ್ಮನೆ ಅಲ್ಲ," ಎಂದಳು ನಿಸರ್ಗಾ, ನನ್ನ ಬೆನ್ನ ಹಿಂದೆ ಅತ್ತಿಂದಿತ್ತ ಓಡಾಡುತ್ತ. ನೀಲವ್ವನ ಮಗಳು ಅವಳು, ಈ ಮನೆಯನ್ನು ಕೊಳ್ಳಲು ಹೊರಟವಳು. "ಕುಬೇರಪ್ಪ ಅಂಕಲ್ ನೋಡಿದ್ರೆ ಏನಂದ್ಕೋತಾರೆ?"

"ಅವರು ಬರೋದು ಎರಡು ಗಂಟೆಗೆ ತಾನೆ? ನೀನು ಆ ಶೂ ವಿಷಯ ಇನ್ನೊಂದ್ಸಲ ಹೇಳು."

"ಅದು ಜೋಕಿಗೆ ಹೇಳಿದ್ದು ಕಣೇ."

"ಜೋಕೇ ಹೇಳು."

ಅವಳು ಹೇಳಿದಳು. ಹೋದ ವಾರ ಮನೆಗೆ ಬೆಲೆ ಕಟ್ಟಲು ಅಪ್ರೈಸರು ಶೇಷಾದ್ರಿ ಬಂದಿದ್ದರು. ಕಾರಿನಿಂದಿಳಿದವರು ಸೆಲ್ ಫೋನಿನಲ್ಲಿ ಮಾತಾಡುತ್ತಲೇ ಸೀದಾ ಮನೆಯ ಈ ಪಕ್ಕಕ್ಕೆ ನಡೆದು ಬಂದರು. ಇದೇ ಕಿಟಕಿಯ ಕೆಳಗೆ, ಇದೇ ಹೂವುಗಳ ನಡುವೆ ಶೂ ಬಿಚ್ಚಿಟ್ಟರು. ಆಮೇಲೆ ತಲೆಯೆತ್ತಿ ಕಿಟಕಿ ನೋಡಿ ಗಕ್ಕನೆ ನಿಂತರು. ಬರೀ ಕಾಲುಚೀಲದಲ್ಲಿ ಮನೆಯನ್ನು ಸುತ್ತಿಕೊಂಡು ಪೂರ್ವದ ಬಾಗಿಲಿಗೆ ಬಂದರು. "ಸಾರ್, ನಿಮ್ ಶೂ ಅಲ್ಲಿದೆ" ಎಂದು ನಿಸರ್ಗಾ ನಕ್ಕಾಗ, "ಗ್ಯಾಸ್ ಮೀಟರು ಹುಡುಕ್ತಿದ್ದೆ ಕಣಮ್ಮ" ಎಂದರಂತೆ.

"ಗ್ಯಾಸ್ ಮೀಟರು ನೋಡಕ್ಕೆ ಯಾರಾದ್ರೂ ಶೂ ಬಿಚ್ತಾರಾ ನಿಸರ್ಗಾ?"

ಅವಳು ಓಡಾಡುವುದನ್ನು ನಿಲ್ಲಿಸಿದಳು.

ನಮ್ಮ ಜನ ಯೋಚನೆ ಮಾಡಿ ಶೂ ಬಿಚ್ಚುವುದಿಲ್ಲ. ಮನಸ್ಸು ಎಲ್ಲೋ ಇರುತ್ತದೆ, ಕಾಲು ತನ್ನ ಪಾಡಿಗೆ ಬಿಚ್ಚಿಬಿಡುತ್ತದೆ. ಮೊದಲ ಸಲ ಬಂದವನು ಬಾಗಿಲನ್ನು ಹುಡುಕಿ, ಬೆಲ್ಲು ಒತ್ತಿ, ಆಮೇಲೆ ಬಿಚ್ಚುತ್ತಾನೆ. ನೋಡದೆಯೇ ಬಿಚ್ಚುವವನು ಆ ಮನೆಗೆ ಹತ್ತಾರು ಸಲ ಬಂದು ಹೋದವನು. ಬೆಳಿಗ್ಗೆ ಫೋನಿನಲ್ಲಿ ನಿಸರ್ಗಾ ಇದನ್ನು ನಗುತ್ತ ಹೇಳಿದಾಗಿನಿಂದ ನನಗೆ ಕೂತಲ್ಲಿ ಕೂರಲಾಗಿರಲಿಲ್ಲ.

ಅವಳು ನನ್ನನ್ನು ಈ ಕೇಸಿಗೆ ಕರೆದದ್ದು ಒಂದೇ ಪ್ರಶ್ನೆಗೆ: ಈ ಮನೆಯನ್ನು ಮಾರುತ್ತಿರುವವರು ಯಾರು? ಮನೆ ತೋರಿಸಿದ ಏಜೆಂಟ್ ಕುಬೇರಪ್ಪನವರ ಉತ್ತರ ಪ್ರತಿ ಸಲವೂ ಒಂದೇ. ಯಾರೋ ಅಮೆರಿಕನ್ ಅಜ್ಜಿ, ಈಗ ನರ್ಸಿಂಗ್ ಹೋಮಿನಲ್ಲಿದ್ದಾರೆ, ಮನೆ ಕಟ್ಟಿದಾಗಿನಿಂದ ಅವರೊಬ್ಬರೇ ಒಡತಿ. ಆ ಅಜ್ಜಿಯ ಹೆಸರು ಮಾತ್ರ ಅವರ ಬಾಯಿಂದ ಬರುತ್ತಿರಲಿಲ್ಲ.

ಮೊಗಚುವ ಕೈ ಟಣ್ ಎಂದಿತು.

ನಾನು ಕೈಯಿಂದಲೇ ಮಣ್ಣು ಸರಿಸಿದೆ. ಮರದ ತೊಗಟೆ, ಅದರ ಕೆಳಗೆ ಕಪ್ಪು ಪ್ಲಾಸ್ಟಿಕ್ಕು, ಅದರ ಕೆಳಗೆ ಕಾಂಕ್ರೀಟು. ಅಗಲವಾದ, ಅಂಚು ಸವೆದ ಒಂದು ಮೆಟ್ಟಿಲು. ಕಿಟಕಿಯ ಕೆಳಗೆ ಯಾರೂ ಮೆಟ್ಟಿಲು ಕಟ್ಟಿಸುವುದಿಲ್ಲ.

"ನೀರು ಕೊಡು," ಎಂದೆ.

ನಿಸರ್ಗಾ ಕೈಲಿದ್ದ ಬಾಟಲಿಯನ್ನೇ ಕೊಟ್ಟಳು. ಮೆಟ್ಟಿಲ ಮೇಲೆ ಸುರಿದು ಸೆರಗಿನಿಂದ ಉಜ್ಜಿದೆ. ಸೀರೆಯ ಆಸೆ ಅಷ್ಟರಲ್ಲಿ ಬಿಟ್ಟಿದ್ದೆ. ಕೆಸರು ಹರಿದುಹೋದ ಕಡೆ ಬಿಳಿ ಗೆರೆ ಕಂಡಿತು. ಒಂದು ಎಳೆ, ಅದರ ಪಕ್ಕ ಇನ್ನೊಂದು ಎಳೆ, ನಡುವೆ ಎಂಟು ದಳದ ಹೂವು. ಅದು ಪುಡಿಯ ರಂಗೋಲಿಯಾಗಿರಲಿಲ್ಲ. ಎನಾಮಲ್ ಪೇಂಟಿನಲ್ಲಿ ಬರೆದದ್ದು, ಬೇಗ ಅಳಿಯುವಂಥದ್ದಲ್ಲ.

"ಯವ್ವಾ," ಎಂದರು ನೀಲವ್ವ. ದನಿ ತಗ್ಗಿತ್ತು. "ಇದು ಕಿಟಕಿ ಅಲ್ಲವಾ. ಇಲ್ಲಿ ತಲಬಾಗಿಲಾ ಇತ್ತು."

ನಾನು ಎದ್ದು ಕಿಟಕಿಯ ಚೌಕಟ್ಟಿನ ನೆತ್ತಿ ನೋಡಿದೆ. ಬಣ್ಣದ ಕೆಳಗೆ ಎರಡು ಮೊಳೆಗಳ ಗುಬುಟು, ಎಡಕ್ಕೊಂದು ಬಲಕ್ಕೊಂದು. ತೋರಣ ಕಟ್ಟಲು ಹೊಡೆದವು. ನರ್ಸಿಂಗ್ ಹೋಮಿನ ಅಮೆರಿಕನ್ ಅಜ್ಜಿ ತೋರಣ ಕಟ್ಟುತ್ತಿದ್ದರೆಂದರೆ ನಂಬಲು ನಾನು ತಯಾರಿರಲಿಲ್ಲ.

"ಯಾರೋ ನಮ್ಮವರೇ ಇದ್ರು ಇಲ್ಲಿ," ಎಂದಳು ನಿಸರ್ಗಾ. "ದಕ್ಷಿಣದ ಬಾಗಿಲು ಮುಚ್ಚಿ ಪೂರ್ವಕ್ಕೆ ತಿರುಗಿಸಿದ್ದಾರೆ."

"ಛಲೋನ ಆತಲ್ಲ," ಎಂದರು ನೀಲವ್ವ. ಅವರ ಮುಖ ಅರಳಿತ್ತು. "ನಮ್ಮ ಮಂದಿ ದೀಪಾ ಹಚ್ಚಿದ ಮನಿ. ಬಾಗಿಲಾ ಸುದ್ದಾ ಸರಿ ಮಾಡ್ಯಾರ. ನಾವು ಮಾಡೂ ಕೆಲಸಾ ಅವ್ರ ಮಾಡಿಟ್ಟಾರ."

ಒಳ್ಳೆಯ ಸುದ್ದಿಯಾಗಿದ್ದರೆ ಅದನ್ನು ಮಣ್ಣಿನಲ್ಲಿ ಹೂತು ಮೇಲೆ ಗುಲಾಬಿ ನೆಡುವ ಅಗತ್ಯವೇನಿತ್ತು? ಪೂರ್ವದ ಬಾಗಿಲೆಂದರೆ ನಮ್ಮವರು ಹಿಂದೆ ಮುಂದೆ ನೋಡದೆ ಹೆಚ್ಚು ಹಣ ಕೊಡುವ ಕಾಲ ಇದು. ಕುಬೇರಪ್ಪ ಅದನ್ನು ಡಂಗುರ ಸಾರಬೇಕಿತ್ತು.

"ನಿಸರ್ಗಾ, ಈ ಶೇಷಾದ್ರಿಯನ್ನ ಆರಿಸಿದ್ದು ಯಾರು?"

"ನಾವೇ. ಅಂದ್ರೆ ದೇವರಾಜು." ಗಂಡನ ಹೆಸರು ಹೇಳಿ ಅವಳು ಉಗುರು ಕಚ್ಚಿದಳು. "ನಾನು ಮೊದ್ಲು ಬೇರೆಯವರಿಗೆ ಫೋನ್ ಮಾಡಿದ್ದೆ. ಇಲ್ಲೇ ಪಕ್ಕದೂರು ಡಬ್ಲಿನ್‌ನಲ್ಲಿ ಒಬ್ಳು ಅಮೆರಿಕನ್ ಲೇಡಿ. ಮೂರು ವಾರ ಆಗುತ್ತೆ, ತುಂಬಾ ಬ್ಯುಸಿ ಅಂದ್ಲು. ಮೂರು ವಾರ ಅಂದ್ರೆ ಆಷಾಢ ಬಂದ್ಬಿಡುತ್ತಲ್ಲ. ಅಮ್ಮ ಶ್ರಾವಣದವರೆಗೂ ಇರಲ್ಲ, ವೀಸಾ ಮುಗಿಯುತ್ತೆ. ಅವಳಿಗೆ ಆಷಾಢ ಅಂದ್ರೇನು ಅಂತ ಎಕ್ಸ್‌ಪ್ಲೇನ್ ಮಾಡೋದು ಹೇಗೆ?"

"ಆಮೇಲೆ?"

"ದೇವರಾಜು ಕುಬೇರಪ್ಪ ಅಂಕಲ್ ಹತ್ರ ಅಂದ್ರು. ಅಂಕಲ್ ಒಂದು ಫೋನ್ ಮಾಡಿದ್ರು ಅಷ್ಟೆ. ಮಾರನೇ ದಿನಾನೇ ಶೇಷಾದ್ರಿ ಬಂದ್ರು. ನಮ್ಮವರು, ಅರ್ಜೆಂಟ್ ಅರ್ಥ ಆಗುತ್ತೆ ಅಂತ."

ಹಾಸನದ ಕುಬೇರಪ್ಪ ಮನೆ ತೋರಿಸುವವರೂ ಹೌದು, ಅದಕ್ಕೆ ಸಾಲ ಕೊಡಿಸುವವರೂ ಹೌದು. ಈಗ ಬೆಲೆ ಕಟ್ಟುವವನನ್ನು ಕಳಿಸಿದ್ದೂ ಅವರೇ. ಮೂರು ಕುರ್ಚಿಯಲ್ಲೂ ಒಬ್ಬರೇ ಕೂತಿದ್ದಾರೆ, ಇವರಿಗದು ಕಂಡೇ ಇಲ್ಲ. ಪಂಚಾಂಗ ನೋಡಿ ಅಪ್ರೈಸರನ್ನು ಆರಿಸುವ ಜನ ಈ ಭೂಮಿಯ ಮೇಲೆ ನಾವೊಬ್ಬರೇ ಇರಬೇಕು.

ನನಗೆ ಅವಳ ಮೇಲೆ ಸಿಟ್ಟು ಬಂತು. ದೇವರಾಜುವಿನ ಮೇಲೆ ಇನ್ನೂ ಹೆಚ್ಚು ಬಂತು. ಮದುವೆಗೆ ಮುಂಚೆ ಇದೇ ಮಂಡ್ಯದ ಹುಡುಗ ಸಿಗರೇಟು ಸೇದುತ್ತಾನೋ ಇಲ್ಲವೋ ಎಂದು ಪತ್ತೆ ಮಾಡಲು ನಿಸರ್ಗಾಳ ಅಪ್ಪ ನನ್ನನ್ನು ನೇಮಿಸಿದ್ದರು. ಅಳಿಯನಿಗೆ ಅಷ್ಟು ವಿಚಾರಣೆ, ಮನೆಗೆ ಒಂದು ಫೋನ್ ಕಾಲು.

"ಇವತ್ತು ಐದು ಗಂಟೆಗೆ ಸೈನ್ ಮಾಡ್ಬೇಕು," ಎಂದಳು ಅವಳು. "ಮನೆ ನೋಡಿದ್ದೀವಿ, ಅಪ್ರೈಸಲ್ ಒಪ್ಪಿದ್ದೀವಿ, ಇನ್ನು ಹಿಂದೆ ಸರಿಯಲ್ಲ ಅಂತ. ಆಮೇಲೆ ಬಿಟ್ರೆ ಡೆಪಾಸಿಟ್ ಹೋಯ್ತು. ದೇವರಾಜು ಮಾರ್ಚಿನಲ್ಲಿ ಸ್ಟಾಕು ಬೀಳೋಕೆ ಮುಂಚೆ ಮಾರಿ ಉಳಿಸಿದ್ದು ಅಷ್ಟೂ ಅದರಲ್ಲಿದೆ. ಸೈನ್ ಮಾಡ್ಲಾ, ಬೇಡ್ವಾ? ಅಷ್ಟು ಹೇಳು ಸಾಕು."

"ಐದಕ್ಕೆ ಮುಂಚೆ ಹೇಳ್ತೀನಿ. ಅಲ್ಲೀವರೆಗೆ ಪೆನ್ನು ಮುಟ್ಟಬೇಡ."

"ಪೂಜೆ?"

ಪೂಜೆ ಎರಡಕ್ಕೆ. ನಾಳೆ ಅಮಾವಾಸ್ಯೆ, ನಾಡಿದ್ದಿನಿಂದ ಆಷಾಢ. ಮನೆ ತಮ್ಮದಾಗುವ ಮೊದಲೇ ಇವತ್ತು ಹಾಲುಕ್ಕಿಸಿ ಸತ್ಯನಾರಾಯಣ ಪೂಜೆ ಮುಗಿಸಿಬಿಡಬೇಕೆಂದು ನೀಲವ್ವ ಪಟ್ಟು ಹಿಡಿದಿದ್ದರು. ಕುಬೇರಪ್ಪ ಮೊದಲು ಆಗದು ಎಂದಿದ್ದರಂತೆ. ಕೊನೆಗೆ ಬೀಗದ ಕೈ ಕೊಟ್ಟು, ಕೆಳಗಡೆಯೇ ಮುಗಿಸಿ, ನಾಲ್ಕೇ ಜನ ಸಾಕು, ಬೇಗ ಹೊರಡಿ ಎಂದು ಮೂರು ಮೂರು ಸಲ ಹೇಳಿದ್ದರು.

"ನಾಲ್ಕ ಮಂದಿ!" ಎಂದರು ನೀಲವ್ವ, ಆ ಮಾತು ನೆನಪಾಗಿ ಮತ್ತೆ ಉರಿದು. "ಶುಭಕಾರ್ಯಕ್ಕ ನಾಲ್ಕ ಮಂದೀನ ಕರೀತಾರೇನು? ನಾಲ್ಕ ಮಂದಿ ಬ್ಯಾರೆ ಕೆಲಸಕ್ಕ ಬೇಕಾಗ್ತಾರ. ನಾ ಎಲ್ಲಾರಿಗೂ ಹೇಳೇನಿ."

"ಕನ್ನಡ ಕೂಟದ ಈಮೇಲ್ ಲಿಸ್ಟಿಗೇ ಕಳಿಸಿಬಿಟ್ಟಿದ್ದಾರೆ," ಎಂದಳು ನಿಸರ್ಗಾ ಸೋತ ದನಿಯಲ್ಲಿ. "ಅಪ್ಪ ಊರಿಂದಾನೇ ಟೈಪ್ ಮಾಡಿಕೊಟ್ರು. ಲಾಂಗ್ ವೀಕೆಂಡು ಬೇರೆ. ಮೂವತ್ತು ಜನ ಬರ್ತಾರೆ."

"ಶೇಷಾದ್ರಿ ಅವತ್ತು ಮನೆಯೊಳಗೆ ಏನೇನು ನೋಡಿದ್ರು?"

"ಕೆಳಗೆಲ್ಲ ಅಳೆದ್ರು. ಕಾಫಿ ಕೊಟ್ರೆ ಕುಡೀಲಿಲ್ಲ, ಹಾಲಲ್ಲಿ ನಿಲ್ಲಲೇ ಇಲ್ಲ. ಮೇಲ್ಗಡೆ ಹೋಗ್ಲಿಲ್ಲ. ಮಂಡಿ ನೋವು, ಮೆಟ್ಟಿಲು ಹತ್ತಕ್ಕಾಗಲ್ಲ ಅಂದ್ರು ಪಾಪ."

ನಾನು ಕಾರಿನ ಕಡೆ ನಡೆದೆ. ಹಿಂದಿನಿಂದ ನೀಲವ್ವ ಕೂಗಿದರು: "ಮಹಮೂದಾ, ಊಟಕ್ಕ ತಪ್ಪಿಸಬ್ಯಾಡ! ಹೋಳಿಗಿ ಮಾಡೇನಿ!"

*

ಫ್ರೀವೇ ಎಂದಿನಂತೆ ಮುಂದೆ ಹೋಗುತ್ತಿರಲಿಲ್ಲ. ಲಾಂಗ್ ವೀಕೆಂಡಿನ ಶುಕ್ರವಾರ, ಇಡೀ ಈಸ್ಟ್ ಬೇ ದೋಣಿಗಳನ್ನೂ ಸೈಕಲ್ಲುಗಳನ್ನೂ ಕಾರಿಗೆ ಕಟ್ಟಿಕೊಂಡು ಹೊರಟಿತ್ತು. ಒಣಗಿದ ಹಳದಿ ಗುಡ್ಡಗಳ ಮೇಲೆ ಬಿಸಿಲು ಬಡಿಯುತ್ತಿತ್ತು. ನನ್ನ ಹಳೆಯ ಕೊರೋಲಾದ ಏಸಿ ಬಿಸಿಗಾಳಿಯನ್ನಷ್ಟೇ ಉಗುಳುತ್ತಿತ್ತು. ಬ್ರಿಜ್ಜಿನ ಮುಂಚಿನ ಜಾಹೀರಾತು ಫಲಕದಲ್ಲಿ ಇಂಟರ್ನೆಟ್ಟಿನಲ್ಲೇ ಪೀಠೋಪಕರಣ ಮಾರುವ ಕಂಪನಿಯೊಂದು ನಗುತ್ತಿತ್ತು. ಆ ಕಂಪನಿ ಮುಚ್ಚಿ ತಿಂಗಳಾಗಿತ್ತು.

ಒಂದು ವಿಷಯ ನನ್ನನ್ನು ಕಾಡುತ್ತಿತ್ತು. ಈ ಊರಿನಲ್ಲಿ ಈಗ ನಾಯಿಗೂಡನ್ನು ಮಾರಾಟಕ್ಕಿಟ್ಟರೂ ಸಂಜೆಯೊಳಗೆ ಹತ್ತು ಜನ ಬಂದು ಹೆಚ್ಚಿಗೆ ಕೊಡುತ್ತೇವೆನ್ನುತ್ತಾರೆ. ಕುಬೇರಪ್ಪ ಈ ಮನೆಯನ್ನು ಯಾರಿಗಾದರೂ ಮಾರಬಹುದಿತ್ತು. ಯಾರಿಗೂ ತೋರಿಸದೆ ನೇರವಾಗಿ ನಿಸರ್ಗಾ ದಂಪತಿಗೇ ಯಾಕೆ ತೋರಿಸಿದರು?

ಬೇರೆ ಯಾರೇ ಕೊಂಡರೂ ತಮ್ಮದೇ ಅಪ್ರೈಸರನ್ನು ತರುತ್ತಾರೆ. ಆ ಅಪ್ರೈಸರು ಮೇಲ್ಗಡೆ ಹತ್ತಿ ನೋಡುತ್ತಾನೆ.

ಬ್ರಿಜ್ಜಿನ ಮೇಲೆ ಟ್ರಾಫಿಕ್ಕು ಪೂರ್ತಿ ನಿಂತಿತು. ಸ್ಟಿಯರಿಂಗನ್ನು ಬೆರಳಿನಿಂದ ಬಡಿಯುತ್ತ ನಾನು ಜೋರಾಗಿಯೇ ಬೈದೆ. ಪಕ್ಕದ ಕಾರಿನವನು ತನಗೇ ಅಂದುಕೊಂಡು ಗಾಜು ಏರಿಸಿದ.

*

ಸ್ಯಾನ್ ಮಟಿಯೋದಲ್ಲಿ ಶೇಷಾದ್ರಿಯ ಆಫೀಸು ಒಂದು ಡೋನಟ್ ಅಂಗಡಿಯ ಮೇಲೆ, ಮೂರನೇ ಮಹಡಿಯಲ್ಲಿತ್ತು. ಕೋಣೆಗೆ ಬೀಗ. ನಾನು ಕೆಳಗೆ ಕಾಯುತ್ತ ಶತಪಥ ಹಾಕಿದೆ. ಅದನ್ನು ನೋಡಿ ನೋಡಿ ಅಂಗಡಿಯವನು ನಾನು ಕೇಳದೆಯೇ ಒಂದು ಕಾಫಿ ಕೊಟ್ಟ.

ಅವರು ಕೊನೆಗೂ ಲಂಚ್ ಮುಗಿಸಿ ಬಂದರು. ಐವತ್ತರ ಆಸುಪಾಸಿನ ಸಣಕಲು ಮನುಷ್ಯ, ಟೈ, ನೀಟಾಗಿ ಬಾಚಿದ ತಲೆ. ಕೂಟದ ಕಾರ್ಯಕ್ರಮಗಳಲ್ಲಿ ಬಾಗಿಲಲ್ಲಿ ನಿಂತು ಎಲ್ಲರಿಗೂ ಪನ್ನೀರು ಚಿಮುಕಿಸುವವರು. ನನ್ನ ಗುರುತು ಹಿಡಿದರು.

"ಓಹೋ, ಮಹಮೂದಾ ಮೇಡಂ! ನಿಮ್ ಕನ್ನಡ ಕೇಳಿದಾಗೆಲ್ಲ ನಮ್ ಮನೇಲಿ ಹೇಳ್ತಿರ್ತೀನಿ, ಮುಸ್ಲಿಮ್ಸ್ ಆದ್ರೂ ಎಷ್ಟು ಚೆನ್ನಾಗಿ ಮಾತಾಡ್ತಾರೆ ಅಂತ."

"ಥ್ಯಾಂಕ್ಸ್. ಮೈಸೂರಲ್ಲಿ ಹುಟ್ಟಿದ್ದಕ್ಕೆ ಅಷ್ಟಾದ್ರೂ ಬೇಡ್ವಾ? ನಿಮ್ಮ ಕನ್ನಡಾನೂ ಪರವಾಗಿಲ್ಲ."

ಅವರು ನಕ್ಕರು. "ಬನ್ನಿ ಬನ್ನಿ. ಲಿಫ್ಟಿಲ್ಲ ನೋಡಿ, ಹತ್ತಬೇಕು."

ಹತ್ತಿದೆವು. ಅವರು ಎರಡೆರಡು ಮೆಟ್ಟಿಲು ಹಾರುತ್ತ ಮುಂದೆ ಹೋದರು. ಮೇಲೆ ಮುಟ್ಟಿದಾಗ ನನಗೆ ಏದುಸಿರು, ಅವರು ಬೀಗ ತೆಗೆಯುತ್ತ ಹವಾಮಾನದ ಮಾತಾಡುತ್ತಿದ್ದರು. ಬಾಗಿಲ ಬಳಿ ಕೆಳಗೆ ನೋಡದೆಯೇ ಒಂದು ಕಾಲಿಂದ ಇನ್ನೊಂದರ ಶೂ ತಳ್ಳಿ, ಎರಡನ್ನೂ ಚಾಪೆಯ ಅಂಚಿಗೆ ಸರಿಸಿ ಒಳಗೆ ಹೋದರು.

ನಾನು ಆ ಶೂಗಳನ್ನು ನೋಡುತ್ತ ಒಂದು ಗಳಿಗೆ ನಿಂತೆ.

"ಏನ್ ಬಂದಿದ್ದು ಮೇಡಂ?"

"ನಿಸರ್ಗಾ ದೇವರಾಜು ಮನೆ ವಿಷಯ."

"ಒಳ್ಳೇ ಮನೆ. ಕೇಳಿರೋ ಬೆಲೆಗೆ ಕರೆಕ್ಟಾಗಿದೆ. ರಿಪೋರ್ಟ್ ಕಳಿಸಿಬಿಟ್ಟೆನಲ್ಲ."

"ಮೇಲ್ಗಡೆ ರೂಮುಗಳು ಹೇಗಿವೆ?"

"ಫಸ್ಟ್ ಕ್ಲಾಸ್. ಗಾಳಿ, ಬೆಳಕು, ಎಲ್ಲ."

"ನೋಡಿದ್ರಾ?"

ಅವರ ಕೈ ಮೇಜಿನ ಮೇಲಿದ್ದ ಅಳತೆ ಟೇಪಿನ ಕಡೆ ಹೋಯಿತು. "ಅವತ್ತು ಸ್ವಲ್ಪ ಮಂಡಿ ನೋವಿತ್ತು. ಹೊರಗಿಂದ ಅಳತೆ ತಗೊಂಡೆ. ಎಷ್ಟೋ ಜನ ಹಾಗೇ ಮಾಡ್ತಾರೆ."

"ಈಗ ನನ್ನ ಮುಂದೆ ಹಾರ್ಕೊಂಡು ಬಂದ್ರಲ್ಲ. ಯಾವ ಡಾಕ್ಟ್ರು ಸಾರ್? ನನಗೂ ಹೇಳಿ."

ಅವರು ಟೇಪನ್ನು ಒಂದು ಗೇಣು ಹೊರಗೆಳೆದರು.

"ಆ ಮನೆಗೆ ಮುಂಚೆ ಹೋಗಿದ್ರಾ ಶೇಷಾದ್ರಿಯವರೇ?"

"ಇಲ್ಲ. ಅದೇ ಮೊದಲು."

"ಮತ್ತೆ ಹೂವಿನ ಗಿಡದಲ್ಲಿ ಶೂ ಯಾಕೆ ಬಿಟ್ರಿ?"

"ಅದು... ಗ್ಯಾಸ್ ಮೀಟರು..."

"ಮೀಟರು ಗರಾಜಿನ ಪಕ್ಕ ಇದೆ, ನೋಡಿ ಬಂದಿದ್ದೀನಿ. ನೀವು ಶೂ ಬಿಟ್ಟ ಜಾಗದಲ್ಲಿ ಬೆಳಿಗ್ಗೆ ಅಗೆದೆ. ಮಣ್ಣಿನ ಕೆಳಗೆ ಒಂದು ಮೆಟ್ಟಿಲಿದೆ. ಮೆಟ್ಟಿಲ ಮೇಲೆ ರಂಗೋಲಿ ಇದೆ. ಎಂಟು ದಳದ್ದು, ಬಿಳಿ ಪೇಂಟು."

ಟೇಪು ಅವರ ಬೆರಳುಗಳಿಂದ ಜಾರಿ ತನ್ನಷ್ಟಕ್ಕೆ ಸುರುಳಿ ಸುತ್ತಿಕೊಂಡಿತು. ಆ ಸದ್ದಿಗೆ ಅವರೇ ಬೆಚ್ಚಿದರು.

"ಭದ್ರಮ್ಮ," ಎಂದರು.

ಇಂಥ ಹೊತ್ತಿನಲ್ಲಿ ಸುಮ್ಮನಿರುವುದು ನನಗೆ ಎಲ್ಲಕ್ಕಿಂತ ಕಷ್ಟದ ಕೆಲಸ. ಸೆರಗಿನ ಮಣ್ಣನ್ನು ಉಗುರಿನಿಂದ ಕೆರೆಯುತ್ತ ಕೂತೆ.

"ಭದ್ರಮ್ಮ ಹಾಕಿದ್ದು ಅದು. ದಿನಾ ಬಗ್ಗಕ್ಕೆ ಸೊಂಟ ಬರಲ್ಲ ಅಂತ ಒಂದೇ ಸಲ ಪೇಂಟಲ್ಲಿ ಬರೆದ್ಬಿಟ್ರು. ಜಯರಾಮ್ ಅವರಮ್ಮ. ಜಯರಾಮ್ ಅಂತ, ಹಾಸನದವನು, ನನ್ನ ಫ್ರೆಂಡು. ಕೂಟಕ್ಕೆಲ್ಲ ಬರ್ತಿರಲಿಲ್ಲ, ನಿಮಗೆ ಗೊತ್ತಿರಲ್ಲ. ವಾರವಾರ ಹೋಗ್ತಿದ್ದೆ ಅವರ ಮನೆಗೆ. ಭದ್ರಮ್ಮ ಅಕ್ಕಿರೊಟ್ಟಿ ಮಾಡೋರು."

"ಅದು ಜಯರಾಮ್ ಮನೆ."

"ಆಗ. ಅವನಿಗೆ ಎರಡು ಕೆಲಸ ಮೇಲಿಂದ ಮೇಲೆ ಹೋಯ್ತು. ಸ್ಟಾರ್ಟಪ್ಪುಗಳು ಗೊತ್ತಲ್ಲ. ಊರಿಂದ ಯಾರೋ ಫೋನಲ್ಲಿ ವಾಸ್ತು ಹೇಳಿದ್ರು, ದಕ್ಷಿಣದ ಬಾಗಿಲು ಮುಚ್ಚು, ಪೂರ್ವಕ್ಕೆ ಇಡು ಅಂತ. ಟೌನಿನವರ ಪರ್ಮಿಟ್ಟು ತಗೊಳ್ಳೋಕೆ ತಿಂಗಳುಗಟ್ಟಲೆ. ಅಷ್ಟರಲ್ಲಿ ಆಷಾಢ ಬಂದ್ಬಿಡುತ್ತೆ ಅಂದ. ವೀಕೆಂಡಲ್ಲಿ ತಾನೇ ಗರಗಸ ಬಾಡಿಗೆಗೆ ತಂದು ಗೋಡೆ ಕೊಯ್ದ."

ಅದೇ ಆಷಾಢ. ಬೆಳಿಗ್ಗೆ ನಿಸರ್ಗಾಳ ಬಾಯಲ್ಲೂ ಕೇಳಿದ್ದೆ.

"ಪೂರ್ವದ ಗೋಡೆ ಮೇಲಿನ ಫ್ಲೋರನ್ನ ಹೊತ್ತಿರೋ ಗೋಡೆ ಮೇಡಂ. ಅಲ್ಲಿ ಬಾಗಿಲಿಗೆ ಕೊಯ್ದ್ರೆ ಮೇಲೆ ದಪ್ಪ ತೊಲೆ ಕೊಡ್ಬೇಕು. ಅವನು ಸಾಫ್ಟ್‌ವೇರಿನವನು, ಅವನಿಗೇನ್ ಗೊತ್ತು? ಬಾಗಿಲು ಕೂತ್ಕೊಳ್ತು. ಎಲ್ಲ ಚೆನ್ನಾಗೇ ಇತ್ತು. ಆಮೇಲೆ ಮಗು ನಾಮಕರಣ ಮಾಡಿದ್ರು."

ಅವರು ಕನ್ನಡಕ ತೆಗೆದರು. ಕಣ್ಣು ಒದ್ದೆಯಾಗಿತ್ತು, ಒರೆಸಿಕೊಳ್ಳಲಿಲ್ಲ.

"ಜನ ಎಲ್ಲ ಮೇಲಿದ್ವಿ. ನಾನೂ ಮೇಲಿದ್ದೆ. ತೊಟ್ಟಿಲಿನ ಸುತ್ತ ಎಲ್ಲರೂ ಬಗ್ಗಿದ್ರು, ಹೆಂಗಸ್ರು ಹಾಡ್ತಾ ಇದ್ರು. ಕಾಲ ಕೆಳಗೆ ನೆಲ ಜಗ್ಗಿತು. ಆಮೇಲೆ ಒಂದು ಸದ್ದು. ಕೆಳಗೆ ಹಾಲಲ್ಲಿ ಭದ್ರಮ್ಮ ಆರತಿ ತಟ್ಟೆ ಸಿದ್ಧ ಮಾಡ್ತಾ ಇದ್ರು. ಸೂರು ಅವರ ಮೇಲೇ ಕುಸೀತು."

"ತೀರಿಕೊಂಡ್ರಾ?"

"ಇಲ್ಲ. ಅವತ್ತಿಂದ ನಡೆದಿಲ್ಲ. ಜಯರಾಮ್ ಅವರನ್ನ ಕರ್ಕೊಂಡು ಹಾಸನಕ್ಕೆ ಹೋಗ್ಬಿಟ್ಟ. ಮನೇನ ಸಿಕ್ಕಿದ ಬೆಲೆಗೆ ಕುಬೇರಪ್ಪ ಕೊಂಡ್ರು."

ಹಾಗಾದರೆ ನರ್ಸಿಂಗ್ ಹೋಮಿನ ಅಜ್ಜಿ ಇಲ್ಲವೇ ಇಲ್ಲ. ನಿಸರ್ಗಾಳ ಪ್ರಶ್ನೆಗೆ ಉತ್ತರ ಸಿಕ್ಕಿತ್ತು. ಮಾರುವವರು, ಮಾರಿ ಕೊಡುವವರು, ಸಾಲ ಕೊಡಿಸುವವರು, ಬೆಲೆ ಕಟ್ಟಿಸುವವರು, ಎಲ್ಲ ಒಬ್ಬರೇ. ಮೂರಲ್ಲ, ನಾಲ್ಕು ಕುರ್ಚಿ.

"ಸರಿ ಮಾಡಿಸಿದ್ರಾ ಅದನ್ನ?"

"ಸರಿ ಅಂದ್ರೆ... ಒಂದೆರಡು ಮರದ ತುಂಡು ನಿಲ್ಸಿ, ಮೇಲೆ ಶೀಟ್‌ರಾಕಿನ ಹಲಗೆ, ಪೇಂಟು. ತೊಲೆ ಹಾಕ್ಸಕ್ಕೆ ಪರ್ಮಿಟ್ ಬೇಕು, ಪರ್ಮಿಟ್ ಅಂದ್ರೆ ಎಲ್ಲ ಹೊರಗೆ ಬರುತ್ತೆ."

"ಇಷ್ಟೆಲ್ಲ ಗೊತ್ತಿದ್ದೂ ಬೆಲೆ ಕಟ್ಟಿದ್ರಿ. ಸೈನ್ ಹಾಕಿದ್ರಿ."

"ನಾನು ಬೆಲೆ ಕಟ್ಟಲ್ಲ ಮೇಡಂ!" ಅವರು ಮೊದಲ ಸಲ ದನಿಯೇರಿಸಿದರು. "ಬೆಲೆ ಮೊದಲೇ ಬಂದಿರುತ್ತೆ. ಕುಬೇರಪ್ಪ ಫೋನಲ್ಲಿ ಇಷ್ಟು ಬರ್ಬೇಕು ಅಂತಾರೆ, ಅಷ್ಟು ಬರುತ್ತೆ. ಒಂದ್ಸಲ ಬರಲ್ಲ ಅಂದ್ರೆ ಮುಂದಿನ ಸಲ ಫೋನೇ ಬರಲ್ಲ. ನನ್ನ ಕೆಲಸ ಎಲ್ಲ ಅವರಿಂದಾನೇ ಬರೋದು. ಮನೆ ಕೊಳ್ಳೋರು ನನ್ನ ಫೋಟೋ ನೋಡಿ, ಹಣೇ ಮೇಲೆ ನಾಮ ನೋಡಿ, ನಮ್ಮವರು ಅಂತ ಖುಷಿ ಪಡ್ತಾರೆ. ನನ್ನನ್ನ ಆರಿಸಿದ್ದು ಯಾರು ಅಂತ ಒಬ್ಬರೂ ಕೇಳಲ್ಲ. ಇಷ್ಟು ವರ್ಷದಲ್ಲಿ ನೀವೇ ಮೊದಲು."

ಕೆನ್ನೆಗೆ ಬಾರಿಸಬೇಕೆನ್ನಿಸಿತು. ಅದೇ ಹೊತ್ತಿಗೆ ಪಾಪವೂ ಅನ್ನಿಸಿತು. ಆ ಎರಡೂ ಒಟ್ಟಿಗೆ ಬಂದದ್ದಕ್ಕೆ ನನ್ನ ಮೇಲೇ ಸಿಟ್ಟು ಬಂತು.

"ಈ ಮಾತನ್ನ ನಿಸರ್ಗಾಗೆ ನೀವೇ ಹೇಳ್ತೀರ. ಈಗಲೇ. ಅವರು ಐದು ಗಂಟೆಗೆ ಸೈನ್ ಮಾಡ್ತಾರೆ."

"ಹೇಳ್ತೀನಿ," ಎಂದರು ಅವರು. ಭಾರ ಇಳಿಸಿದವರ ದನಿ ಅದು. "ಹೇಳ್ತೀನಿ ಮೇಡಂ. ಸೈನ್ ಮಾಡ್ದಿದ್ರೆ ಆಯ್ತು. ಖಾಲಿ ಮನೆ ತಾನೆ, ಒಂದಿಬ್ಬರು ಓಡಾಡಿದ್ರೆ ಏನೂ ಆಗಲ್ಲ."

ನಾನು ಬ್ಯಾಗಿಗೆ ಕೈ ಹಾಕಿ ಫೋನು ಹುಡುಕುತ್ತಿದ್ದೆ. ಕೈ ಅಲ್ಲೇ ನಿಂತಿತು.

"ಅದು ಇವತ್ತು ಖಾಲಿ ಮನೆ ಅಲ್ಲ."

"ಅಂದ್ರೆ?"

"ಸತ್ಯನಾರಾಯಣ ಪೂಜೆ. ಮೂವತ್ತು ಜನ."

ಅವರು ಎದ್ದರು, ಕುರ್ಚಿ ಹಿಂದಕ್ಕೆ ಬಿತ್ತು. "ಕೆಳಗೆ ತಾನೆ? ಕೆಳಗಡೆ ಹಿಂದ್ಗಡೆ ರೂಮಲ್ಲಿ ತಾನೆ?"

ಬೆಳಿಗ್ಗೆ ಪೂಜೆಯ ಪಾತ್ರೆಗಳು ಕೆಳಗೆ ಅಡುಗೆಮನೆಯಲ್ಲಿದ್ದವು. ಆದರೆ ಬಾಳೆಕಂಬ? ಜಮಖಾನೆ? ನಾನು ನೆನಪಿಸಿಕೊಂಡೆ. ಕಾರು ತೆಗೆಯುವಾಗ ಮನೆಯೊಳಗಿಂದ ನೀಲವ್ವನ ದನಿ ಕೇಳಿತ್ತು. ಈಶಾನ್ಯದ ಖೋಲಿ ಮ್ಯಾಲಿಂದ ಛಲೋ ಐತಿ, ಜಮಖಾನಿ ಅಲ್ಲೇ ಹಾಸ್ರಿ ಎಂದು. ಆಗ ಅದು ನನ್ನ ಕಿವಿಗೆ ಬಿದ್ದು ಹೋಗಿತ್ತು, ಅಷ್ಟೆ.

"ಮೇಲೆ," ಎಂದೆ. "ಈಶಾನ್ಯದ ರೂಮು."

ಶೇಷಾದ್ರಿಯ ಮುಖದಲ್ಲಿ ರಕ್ತವಿರಲಿಲ್ಲ. "ಪೂರ್ವದ ಬಾಗಿಲ ಮೇಲೆ ಇರೋದೇ ಆ ರೂಮು."

ಗೋಡೆಯ ಗಡಿಯಾರ ಮೂರು ದಾಟಿತ್ತು, ಪೂಜೆ ಮುಗಿಯುವ ಹೊತ್ತು. ನಾನು ನಿಸರ್ಗಾಳ ಫೋನಿಗೆ ಒತ್ತಿದೆ. ಅವಸರದಲ್ಲಿ ಒಂದು ಅಂಕಿ ತಪ್ಪಿತು. ಮತ್ತೆ ಒತ್ತಿದೆ. ರಿಂಗಾಯಿತು, ಆಗುತ್ತಲೇ ಇತ್ತು. ಎತ್ತು ತಾಯಿ, ಎತ್ತು.

ಎತ್ತಿದರು.

"ಹಲೋ, ಹೇಳಿ ಮೇಡಂ." ಗಂಡಸಿನ ದನಿ. ಮೃದುವಾದ, ಎಲ್ಲರಿಗೂ ಬೇಕಾದವರ ದನಿ. "ನಾನು ಕುಬೇರಪ್ಪ. ಪೂಜೆ ಹೊತ್ತಲ್ಲಿ ಫೋನ್ ಬಾರಿಸ್ಬಾರ್ದು ಅಂತ ನೀಲವ್ವ ಎಲ್ಲರದ್ದೂ ಇಸ್ಕೊಂಡು ನನ್ನ ಕೈಗೆ ಕೊಟ್ಬಿಟ್ಟಿದ್ದಾರೆ. ಸ್ಕ್ರೀನಲ್ಲಿ ನಿಮ್ಮ ಹೆಸರು ಬಂತು. ನೀವೂ ಬರ್ಬೇಕಿತ್ತು, ಒಳ್ಳೇ ಜನ ಸೇರಿದ್ದಾರೆ."

"ಎಲ್ಲಿದ್ದಾರೆ ಎಲ್ಲರೂ?"

"ಮೇಲೆ. ಕೆಳಗೇ ಸಾಕು ಅಂತ ಎಷ್ಟು ಹೇಳಿದ್ರೂ ಆ ಯಮ್ಮ ಕೇಳ್ಬೇಕಲ್ಲ. ಮಂಗಳಾರತಿಗೆ ಎಲ್ಲರೂ ಒಟ್ಟಿಗೆ ಎದ್ದು ನಿಲ್ಲಿ ಅಂತಿದ್ದಾರೆ ಈಗ."

ದೂರದಲ್ಲಿ ಗಂಟೆಯ ಸದ್ದು ಕೇಳಿತು. ಅದಕ್ಕಿಂತ ಹತ್ತಿರದಲ್ಲಿ ರಸ್ತೆಯಲ್ಲಿ ಹೋಗುವ ಕಾರು, ಲಾನಿಗೆ ನೀರು ಹಾಯಿಸುವ ಸ್ಪ್ರಿಂಕ್ಲರಿನ ಚಿಸ್ ಚಿಸ್.

"ನೀವೆಲ್ಲಿದ್ದೀರ ಕುಬೇರಪ್ಪನವರೇ?"

"ನಾನಾ?" ಎಂದರು ಅವರು. "ಹೊರಗಡೆ. ಲಾನಿನ ಮೇಲೆ ನಿಂತಿದ್ದೀನಿ."

"ಮಂಗಳಾರತಿ ಬಿಟ್ಟು ಹೊರಗ್ಯಾಕೆ ನಿಂತ್ರಿ?"

ಸ್ಪ್ರಿಂಕ್ಲರು ಒಂದು ಸುತ್ತು ತಿರುಗಿ ಬಂತು. ಶೇಷಾದ್ರಿ ನನ್ನ ಕೈಯಿಂದ ಫೋನು ಕಿತ್ತುಕೊಂಡು, "ಕುಬೇರಪ್ಪಾ, ಅವರನ್ನ ಇಳಿಸಿ! ಒಬ್ಬೊಬ್ಬರಾಗಿ ಇಳಿಸಿ, ನಿಮ್ಮ ದಮ್ಮಯ್ಯ!" ಎಂದು ಕಿರುಚಿದರು.

ಆ ಕಡೆ ಒಂದು ಉಸಿರು ಕೇಳಿತು. ಆಮೇಲೆ ಬಹಳ ಮೆಲ್ಲಗೆ, "ಬಾಯಿ ಬಿಟ್ಟೇಬಿಟ್ಯಾ ಶೇಷಾದ್ರಿ?" ಎಂದ ಕುಬೇರಪ್ಪ ಫೋನು ಆಫ್ ಮಾಡಿದರು.